ಎರಡನೇ ಪ್ರತಿ

ನನ್ನ ಸಹಿಗೆ ಕಚೇರಿಯ ಹೊರಗೂ ಬೆಲೆ ಇದೆ ಅಂತ ನನಗೆ ಗೊತ್ತಾಗಿದ್ದು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಾಗ. ಅಲ್ಲಿಯವರೆಗೆ ಅದು ದಿನಾ ನೂರಾರು ಕಾಗದದ ಮೇಲೆ ಗೀಚುವ, ಸಂಜೆ ಹೊತ್ತಿಗೆ ಮಣಿಕಟ್ಟು ನೋಯಿಸುವ ಒಂದು ಕೆಲಸ, ಅಷ್ಟೆ.

ಆಗ ನಾನು ಗ್ರಾಮ ಪಂಚಾಯ್ತಿಯೊಂದರ ಕಾರ್ಯದರ್ಶಿ. ಊರಿನ ಹೆಸರು ಬರೆಯುವುದಿಲ್ಲ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವಿನ ಒಂದು ಊರು ಅಂದುಕೊಂಡರೆ ಸಾಕು. ನನ್ನ ಮನೆ ನಂಜನಗೂಡಿನಲ್ಲಿತ್ತು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ಎರಡರಲ್ಲೂ ನಿಂತುಕೊಂಡೇ ಹೋಗಿಬರುವುದು. ನಾಲ್ಕು ಹಳ್ಳಿಗೆ ಸೇರಿ ನಾನೊಬ್ಬಳು, ಒಬ್ಬ ಗುಮಾಸ್ತರು, ಟ್ಯಾಂಕಿಗೆ ನೀರು ಏರಿಸಿ ಬೀದಿಬೀದಿಗೆ ಬಿಡುವ ನೀರಗಂಟಿ ಒಬ್ಬರು. ಮೊಬೈಲ್ ಫೋನು ಹಳ್ಳಿಗಳ ಕಡೆ ಆಗತಾನೆ ಬರುತ್ತಿದ್ದ ವರ್ಷಗಳು. ಹೊಸ ಟ್ಯಾಂಕು ಕಟ್ಟಿ, ಮನೆಮನೆಗೆ ನಲ್ಲಿ ಹಾಕುವ ಕೆಲಸ ಮುಗಿಯುತ್ತ ಬಂದಿತ್ತು. ಕೆಳಗಿನ ಬೀದಿಯ ನಲ್ಲಿಗಳಿಗೆ ಮಾತ್ರ ಇನ್ನೂ ನೀರು ಬಿಟ್ಟಿರಲಿಲ್ಲ. ಕಚೇರಿ ಹಳೆಯ ಹೆಂಚಿನ ಮನೆಯಿಂದ ಹೊಸ ತಾರಸಿ ಕಟ್ಟಡಕ್ಕೆ ಬಂದು ಮೂರು ತಿಂಗಳಾಗಿತ್ತು.

ಒಂದು ಬೆಳಿಗ್ಗೆ ನಾನು ಬರುವ ಹೊತ್ತಿಗೆ ಕಚೇರಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಕೆಳಗಿನ ಬೀದಿಯವರು. ಗಂಡ ಗಾರೆ ಕೆಲಸದವರು, ಮೈಸೂರಿನಲ್ಲಿ ಮನೆ ಕಟ್ಟುವ ಕಡೆ ವಾರಗಟ್ಟಲೆ ಉಳಿದು ಊರಿಗೆ ಬರುತ್ತಿದ್ದವರು. ನಾನು ಬೀಗ ತೆಗೆದೆ. ಒಳಗೆ ಬಂದ ಮೇಲೆ ಒಂದೊಂದಾಗಿ ಹೇಳಿದರು. ಹಿಂದಿನ ದಿನ ಪೊಲೀಸರು ಬಂದು ಗಂಡನನ್ನು ಕರೆದುಕೊಂಡು ಹೋಗಿದ್ದರು. ಮೈಸೂರಿನ ಒಬ್ಬ ಹೆಣ್ಣುಮಗಳಿಗೆ ಯಾರೋ ದಿನಾ ಫೋನು ಮಾಡಿ ಹೊಲಸು ಮಾತಾಡುತ್ತಿದ್ದರಂತೆ. ಆಕೆ ದೂರು ಕೊಟ್ಟಿದ್ದಾರೆ. ಹುಡುಕಿದರೆ ಆ ನಂಬರು ಇವರ ಗಂಡನ ಹೆಸರಿನಲ್ಲಿದೆ. ಮನೆಯಲ್ಲಿ ಫೋನೇ ಇಲ್ಲ ಅಂದರೆ ಪೊಲೀಸರು ನಂಬುತ್ತಿಲ್ಲ.

ಗಂಡನನ್ನು ಬಿಡಿಸಿಕೊಡಿ ಅಂತ ಕೇಳಲು ಬಂದಿದ್ದಾರೆ ಅಂದುಕೊಂಡೆ. ಆಕೆ ಕೇಳಿದ್ದು ಬೇರೆ.

"ಒಂದ್ ಮಾತ್ ಏಳಿ ಅಮ್ಮಾ. ನಮ್ಮನೇವ್ರು ಪೋನ್ ತಕ್ಕಳಕೆ ಅಂತ ನಿಮ್ ತಾವ್ ಬಂದು ಸೀಲ್ ಆಕುಸ್ಕೊಂಡು ಓಗಿದ್ರಾ? ರೇಷನ್ ಕಾರ್ಡಿನ ಜೆರಾಕ್ಸ್ ಮೇಲೆ ನಿಮ್ ಸೀಲು, ನಿಮ್ ಸೈನು ಎಲ್ಲ ಅದೆ. ಪೋಲಿಸ್ನೋರು ತೋರುಸುದ್ರು."

ನನಗೆ ನೆನಪಿರುವಂತೆ ಇಲ್ಲ ಅಂದೆ. ಆಕೆ ನೆಲ ನೋಡುತ್ತ, "ಅವ್ರು ಮೈಸೂರ್ಲಿ ಏನ್ ಮಾಡ್ತಾರೆ ಅಂತ ನಾನೇನ್ ಕಂಡಿವ್ನಿ" ಅಂದರು.

ಗಂಡ ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನುವುದು ಆಕೆಗೇ ಗೊತ್ತಾಗದೆ ನನ್ನ ಹತ್ತಿರ ಕೇಳಲು ಬಂದಿದ್ದರು. ಅದನ್ನು ನಾನು ಹೇಗೆ ಹೇಳಲಿ.

ಮಧ್ಯಾಹ್ನ ಠಾಣೆಗೆ ಹೋದೆ. ಅವರೇ ಹೇಳಿಕಳಿಸಿದ್ದರು ಕೂಡ. ಸಬ್ ಇನ್ಸ್‌ಪೆಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದ ಬೆಂಚಿನ ಮೇಲೆ ಕೂರಿಸಿದರು. ಫೋನ್ ಕಂಪನಿಯಿಂದ ತರಿಸಿದ ಕಾಗದಗಳನ್ನು ಮುಂದಿಟ್ಟರು. ಸಿಮ್ ಪಡೆಯಲು ತುಂಬಿದ ಅರ್ಜಿ, ಅದರ ಹಿಂದೆ ರೇಷನ್ ಕಾರ್ಡಿನ ಜೆರಾಕ್ಸು. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು ಇರಬೇಕು. ಅರ್ಜಿಯ ಮೇಲಿನ ಫೋಟೊ ಒಂದು ಕಪ್ಪು ಚೌಕ, ಅದರಲ್ಲಿ ಕಿವಿ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಸಹಿ. ಗಾರೆ ಕೆಲಸದವರು ಕನ್ನಡದಲ್ಲಿ ಮಾತ್ರ ಸಹಿ ಹಾಕುವವರು ಅಂದೆ. ಸಹಿಯನ್ನು ಯಾರ ಕೈಯಲ್ಲಾದರೂ ಹಾಕಿಸಬಹುದಲ್ಲ ಅಂದರು ಸಬ್ ಇನ್ಸ್‌ಪೆಕ್ಟರ್. ಅದೂ ಸರಿಯೇ.

"ಈ ಸೀಲು, ಸಹಿ ನಿಮ್ದೇ ತಾನೆ ಮೇಡಂ?"

ನನ್ನದೇ ಅಂದೆ. ಮೂಲ ಕಾರ್ಡಿನೊಂದಿಗೆ ಹೋಲಿಸಿ ನೋಡಿದೆ ಅಂತ ಬರೆದು, ಸಹಿ ಮಾಡಿ, ದುಂಡು ಸೀಲು ಒತ್ತಿದ್ದು ನನ್ನದೇ ಕೈ.

"ಹಂಗಾದ್ರೆ ಮುಗೀತಲ್ಲ. ನಿಮ್ಮ ಹತ್ರ ಸೀಲ್ ಹಾಕಿಸ್ಕೊಂಡು ಹೋಗಿ ಸಿಮ್ ತಗೊಂಡಿದಾನೆ. ಅದನ್ನೇ ಒಂದ್ ಲೈನ್ ಬರ್ದು ಕೊಟ್ಬಿಡಿ, ನಾಳೆ ಕೊಟ್ರೂ ಪರ್ವಾಗಿಲ್ಲ."

ಕಾಗದವನ್ನು ವಾಪಸು ಕೊಡಲು ಕೈ ಚಾಚಿದಾಗ ಅದರ ಬಲಗಡೆಯ ಮೂಲೆ ಕಣ್ಣಿಗೆ ಬಿತ್ತು. ಒಂದು ಸಣ್ಣ ಸುತ್ತು, ಸುತ್ತಿನೊಳಗೆ 'ದ್ವಿ' ಅನ್ನುವ ಅಕ್ಷರ, ಪಕ್ಕದಲ್ಲಿ ಅರವತ್ತಮೂರು. ಜೆರಾಕ್ಸಿನಲ್ಲಿ ಕಪ್ಪಾಗಿ ಬಂದಿತ್ತು. ನಾನು ಬರೆದಾಗ ಅದು ಕೆಂಪು ಶಾಯಿ.

ಅದರ ಅರ್ಥ ಠಾಣೆಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ನಲ್ಲಿಗೆ ಅರ್ಜಿ ಹಾಕುವವರು ರೇಷನ್ ಕಾರ್ಡಿನ ಜೆರಾಕ್ಸು ಎರಡು ಕೊಡಬೇಕಾಗಿತ್ತು. ಒಂದು ನಮ್ಮ ಫೈಲಿಗೆ, ಇನ್ನೊಂದು ಪಟ್ಟಿಯ ಜೊತೆ ತಾಲ್ಲೂಕಿಗೆ. ಎರಡನ್ನೂ ಮೂಲದ ಜೊತೆ ನೋಡಿ ಸೀಲು ಹಾಕುತ್ತಿದ್ದೆ. ಒಂದಕ್ಕೊಂದು ಕಲಸಿಹೋಗದಿರಲಿ ಅಂತ ಎರಡನೇ ಪ್ರತಿಯ ಮೂಲೆಯಲ್ಲಿ ಮಾತ್ರ 'ದ್ವಿ' ಅಂತ ಗುರುತು, ಅರ್ಜಿಯ ಸಂಖ್ಯೆ. ಅದು ನಾನೇ ಮಾಡಿಕೊಂಡ ಏರ್ಪಾಟು. ಎಂದರೆ ಆ ಕಾಗದ ಒಂದು ದಿನವೂ ಗಾರೆ ಕೆಲಸದವರ ಕೈಗೆ ವಾಪಸು ಹೋದದ್ದಲ್ಲ. ಅವರು ನಲ್ಲಿಗಾಗಿ ನನ್ನ ಮೇಜಿನ ಮೇಲಿಟ್ಟು ಹೋದದ್ದು. ಅಲ್ಲಿಂದ ಸಿಮ್ ಅಂಗಡಿಗೆ ಹೋಗಿದ್ದರೆ ಅದು ನನ್ನ ಕಚೇರಿಯಿಂದ ಹೋದದ್ದು.

ನಾನು ಏನೂ ಹೇಳಲಿಲ್ಲ. ಈ ಮಾತನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ, ಆದರೂ ನಡೆದದ್ದು ಹಾಗೆ. ಕಾಗದ ಕೊಟ್ಟು, ನಾಳೆ ಬರೆದು ತರುತ್ತೇನೆ ಅಂದು ಎದ್ದೆ. ಆಚೆ ಬರುವಾಗ ಗೋಡೆಯ ಬದಿಗೆ ನೆಲದ ಮೇಲೆ ಗಾರೆ ಕೆಲಸದವರು ಕೂತಿದ್ದರು. ತಲೆಗೂದಲಿನಲ್ಲಿ ಸಿಮೆಂಟಿನ ಧೂಳು ಹಾಗೇ ಇತ್ತು. ಕೆಲಸದಿಂದ ಬಂದ ದಿನವೇ ಹಿಡಿದುಕೊಂಡು ಬಂದಿದ್ದರೇನೋ. ನನ್ನನ್ನು ಕಂಡು ಎದ್ದು ನಿಂತು ಕೈಮುಗಿದರು. ನಾನು ತಲೆಯಾಡಿಸಿ ಹೊರಗೆ ಬಂದೆ.

ಕಚೇರಿಗೆ ಬಂದು ನಲ್ಲಿ ಅರ್ಜಿಗಳ ಫೈಲು ತೆಗೆದೆ. ಅರವತ್ತಮೂರರ ಮೊದಲನೇ ಪ್ರತಿ ಭದ್ರವಾಗಿತ್ತು, ಅದರ ಮೂಲೆ ಖಾಲಿ. ಎರಡನೇ ಪ್ರತಿಗಳು ತಾಲ್ಲೂಕಿಗೆ ಹೋಗಲೇ ಇಲ್ಲ ಅನ್ನುವುದು ಆಗ ನೆನಪಾಯಿತು. ನಡುವೆ ಒಂದು ಸುತ್ತೋಲೆ ಬಂದು, ಬರೀ ಪಟ್ಟಿ ಕಳಿಸಿದರೆ ಸಾಕು ಅಂದಿದ್ದರು. ಆ ಪ್ರತಿಗಳನ್ನೆಲ್ಲ ಎರಡು ಗೊಬ್ಬರದ ಚೀಲದಲ್ಲಿ ತುಂಬಿ ಹಳೇ ಕಟ್ಟಡದ ಮೂಲೆಯಲ್ಲಿ ಇಟ್ಟಿದ್ದೆವು. ನೀರಗಂಟಿಯನ್ನು ಕರೆದು ಆ ಚೀಲ ಎಲ್ಲಿ ಅಂತ ಕೇಳಿದೆ.

ಅವರು ಐವತ್ತು ದಾಟಿದವರು, ಸುಳ್ಳು ಹೇಳುವವರಲ್ಲ. ಕಚೇರಿ ಬದಲಾಯಿಸಿದ ದಿನ ಗುಜರಿಯವನಿಗೆ ಹಾಕಿದೆವಲ್ಲ ಅಂದರು. ಯಾರು ಹಾಕು ಅಂದದ್ದು ಅಂದೆ. ಅವರು ನನ್ನ ಮುಖ ನೋಡಿದರು.

"ಅಮ್ಮಾವ್ರೇ, ನೀವೇಯಾ ಅಂದದ್ದು. ಬ್ಯಾಡದ್ದನ್ನೆಲ್ಲ ಆಚ್ಗಾಕಿ, ಒಸಾ ಕಟ್ಟಡಕ್ಕೆ ಅಳೇ ಕಸ ತರ್ಬ್ಯಾಡಿ ಅಂತ."

ಹೌದು, ನಾನೇ ಅಂದದ್ದು. ಆ ದಿನವೂ ನೆನಪಾಯಿತು. ಬೀರುಗಳನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದರು, ಹನ್ನೊಂದಕ್ಕೆ ಅಧ್ಯಕ್ಷರು ಬರುವವರಿದ್ದರು, ನನಗೆ ಸೊಂಟ ನೋವು. ಚೀಲವನ್ನು ಕಾಲಿನಿಂದ ಸರಿಸಿ ಆ ಮಾತು ಹೇಳಿದ್ದೆ. ಒಳಗೆ ಏನಿದೆ ಅಂತ ಗೊತ್ತಿತ್ತು. ಅದು ಜನರ ಕಾಗದ ಅಂತ ಮಾತ್ರ ಹೊಳೆದಿರಲಿಲ್ಲ. ನನಗೆ ಅದು ಸುತ್ತೋಲೆ ಬಂದ ಮೇಲೆ ಬೇಡವಾದ ಎರಡನೇ ಪ್ರತಿ.

ಅದೇ ಸಂಜೆ ತಾಲ್ಲೂಕಿನ ಮೇಲಧಿಕಾರಿಯನ್ನು ಹೋಗಿ ಕಂಡೆ. ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿಸಿಕೊಂಡರು, ಫ್ಯಾನು ನಿಂತಿತ್ತು, ಮುಖ ಒರೆಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು: ಪೊಲೀಸಿನವರು ಕೇಳಿದ್ದು ಸೀಲು ನಿಮ್ಮದೇ ಅಂತ. ನಿಮ್ಮದೇ ಅನ್ನಿ, ಅದು ನಿಜ. ಕೇಳದೆ ಇದ್ದದ್ದಕ್ಕೆ ಉತ್ತರ ಬರೆಯಬೇಡಿ. ಬರೆದರೆ ಇಲಾಖೆ ವಿಚಾರಣೆ ಆಗುತ್ತೆ, ಇನ್ನು ಕೆಲವು ವರ್ಷಕ್ಕೆ ಬಡ್ತಿ ಇಲ್ಲ, ಊರಿನವರೆಲ್ಲ ನಿಮ್ಮ ಬಾಗಿಲಿಗೆ ಬರುತ್ತಾರೆ. ಆ ಮನುಷ್ಯ ತಪ್ಪು ಮಾಡಿಲ್ಲದಿದ್ದರೆ ಕೋರ್ಟಿನಲ್ಲಿ ತಾನಾಗೇ ಬಿದ್ದುಹೋಗುತ್ತೆ. ನನ್ನ ಒಳ್ಳೆಯದಕ್ಕೇ ಹೇಳಿದ್ದು ಅದು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬರುವಾಗ ಆ ಮಾತು ಸರಿ ಅನ್ನಿಸುತ್ತ ಹೋಯಿತು. ತುಂಬ ಸುಸ್ತಾಗಿತ್ತು. ಸುಸ್ತಾದಾಗ ಯಾರಾದರೂ ಸುಲಭದ ದಾರಿ ತೋರಿಸಿದರೆ ಅದೇ ನ್ಯಾಯ ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಕೂತು ಬರೆದೆ: 'ಸದರಿ ಪ್ರತಿಯನ್ನು ನಾನೇ ಮೂಲದೊಂದಿಗೆ ಪರಿಶೀಲಿಸಿ ದೃಢೀಕರಿಸಿರುತ್ತೇನೆ.' ಒಂದೇ ಸಾಲು. ಎರಡು ಸಲ ಓದಿದೆ. ಒಂದು ಪದವೂ ಸುಳ್ಳಲ್ಲ.

ಸಹಿ ಹಾಕುವ ಮೊದಲು ನೀರಗಂಟಿ ಒಳಗೆ ಬಂದರು. ಮೋಟರಿನ ಫ್ಯೂಸು ಹೋಗಿದೆ ಅಂತ ಹೇಳಿ, ಹೋಗದೆ ನಿಂತುಕೊಂಡರು. ಏನು ಅಂದೆ. ಗಾರೆ ಕೆಲಸದವರನ್ನು ನಿನ್ನೆ ಸಂಜೆ ಬಿಟ್ಟರಂತೆ, ದಿನಾ ಬಂದು ಸಹಿ ಮಾಡಿ ಹೋಗಬೇಕು ಅಂತ ಹೇಳಿ. ಮನೆಗೆ ಬಂದರೆ ಹೆಂಡತಿ ಬಾಗಿಲು ತೆಗೆಯಲಿಲ್ಲವಂತೆ. ಮಗಳ ಕೈಯಲ್ಲಿ ಚಾಪೆ ಕೊಟ್ಟು ಜಗಲಿಗೆ ಕಳಿಸಿದರಂತೆ. ಬೆಳಿಗ್ಗೆ ಬೀದಿಯವರೆಲ್ಲ ನೀರಿಗೆ ಹೋಗುವಾಗ ಅವರು ಜಗಲಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರಂತೆ.

"ಅವ್ನು ಅಂಥೋನಲ್ಲ ಅಂತ ನಂಗೊತ್ತು. ಏಳುದ್ರೆ ಯಾರ್ ಕೇಳ್ತಾರೆ" ಅಂದು ನೀರಗಂಟಿ ಹೋದರು.

ಬರೆದದ್ದನ್ನು ಹರಿದೆ. ಕೋರ್ಟಿನಲ್ಲಿ ಬಿದ್ದುಹೋಗುವುದು ಯಾವ ವರ್ಷವೋ. ಅಷ್ಟರಲ್ಲಿ ಆ ಮನೆ ಏನಾಗಿರುತ್ತೆ. ಇನ್ನೊಂದು ಹಾಳೆ ತೆಗೆದು ಮೊದಲಿನಿಂದ ಬರೆದೆ. ಅರ್ಜಿ ಎರಡು ಪ್ರತಿಯಲ್ಲಿ ಪಡೆದದ್ದು, 'ದ್ವಿ' ಗುರುತಿನ ಅರ್ಥ, ಆ ಪ್ರತಿ ಅರ್ಜಿದಾರರಿಗೆ ಹಿಂದಿರುಗಿಲ್ಲ ಅನ್ನುವುದು, ಸುತ್ತೋಲೆ, ಚೀಲ, ಕಚೇರಿ ಬದಲಾಯಿಸಿದ ದಿನ, ನನ್ನ ಬಾಯಿಮಾತಿನ ಆದೇಶ. ಒಂದೂವರೆ ಪುಟವಾಯಿತು. ಜೊತೆಗೆ ಮೊದಲನೇ ಪ್ರತಿಯ ನಕಲು ಇಟ್ಟೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ತಿಳಿಯುವಂತೆ. ಆಮೇಲೆ ಗುಮಾಸ್ತರನ್ನು ಕರೆದು ರವಾನೆ ಪುಸ್ತಕದಲ್ಲಿ ನಂಬರು ಹಾಕಿಸಿದೆ. ನಂಬರು ಬಿದ್ದ ಕಾಗದವನ್ನು ಆಮೇಲೆ ಯಾರೂ, ನಾನೂ ಸೇರಿ, ಇರಲೇ ಇಲ್ಲ ಅನ್ನುವ ಹಾಗಿಲ್ಲ. ಗುಮಾಸ್ತರು ಓದಿ, "ಯೋಚ್ನೆ ಮಾಡಿದೀರಾ ಮೇಡಂ" ಅಂತ ಕೇಳಿದರು. ಮಾಡಿದೀನಿ ಅಂದೆ. ನಿಜವಾಗಿ ಮಾಡಿರಲಿಲ್ಲ. ಮಾಡಲು ಕೂತರೆ ಮೊದಲಿನ ಸಾಲಿಗೇ ವಾಪಸು ಹೋಗುತ್ತೇನೆ ಅನ್ನುವ ಹೆದರಿಕೆ ಇತ್ತು.

ಸಬ್ ಇನ್ಸ್‌ಪೆಕ್ಟರ್ ಅದನ್ನು ಓದುವಾಗ ಮುಖ ಗಂಟಿಕ್ಕಿದರು. ಮುಗಿದೇಹೋಗಿದ್ದ ಕೇಸು ಮತ್ತೆ ಬಿಚ್ಚಿಕೊಂಡಿತಲ್ಲ. ನಿನ್ನೆಯೇ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಹೆದರಿಕೆಯಾಯಿತು ಅಂದೆ. ಅವರು ಅದನ್ನು ಮುಂದುವರಿಸಲಿಲ್ಲ. ಉಳಿದ ಪ್ರತಿಗಳು ಎಲ್ಲಿ ಅಂತ ಕೇಳಿದರು.

ಗುಜರಿ ಅಂಗಡಿ ತಿ. ನರಸೀಪುರದಲ್ಲಿ. ಒಬ್ಬ ಕಾನ್‌ಸ್ಟೇಬಲ್, ನೀರಗಂಟಿ, ನಾನು, ಮೂವರೂ ಹೋದೆವು. ಅಂಗಡಿಯವರು ವಯಸ್ಸಾದವರು, ಪೊಲೀಸಿನವರನ್ನು ಕಂಡು ಹೆದರಿದರು. ಪಂಚಾಯ್ತಿಯ ಚೀಲ ಎರಡೂ ನೆನಪಿದೆ ಅಂದರು. ಸಾಮಾನ್ಯವಾಗಿ ಅಂಥ ಕಾಗದ ಕಡಲೆಕಾಯಿ ಮಾರುವವರಿಗೆ ಹೋಗುತ್ತದಂತೆ, ಒಂದು ಕಡೆ ಖಾಲಿ ಇರುವುದರಿಂದ ಪೊಟ್ಟಣಕ್ಕೆ ಚೆನ್ನ. ಆದರೆ ಬಸ್ ಸ್ಟ್ಯಾಂಡಿನ ಹತ್ತಿರ ಸಿಮ್ ಮಾರುವ ಒಬ್ಬ ಅಂಗಡಿಯವನು ಆಗಾಗ ಬಂದು ಸೀಲಿರುವ ಜೆರಾಕ್ಸು ಇದೆಯಾ ಅಂತ ಕೇಳಿ, ಕೂತು ಆರಿಸಿಕೊಂಡು ಹೋಗುತ್ತಿದ್ದನಂತೆ. ಯಾಕೆ ಅಂತ ಇವರು ಕೇಳಿರಲಿಲ್ಲ.

ನಾನು ಸೀಲು ಹಾಕುತ್ತಿದ್ದದ್ದು ಕಾಗದ ಸುಳ್ಳಲ್ಲ ಅಂತ ಹೇಳಲು. ಅವನಿಗೆ ಬೇಕಾಗಿದ್ದದ್ದೂ ಅದೇ.

ಒಂದು ಚೀಲ ಖಾಲಿಯಾಗಿತ್ತು, ಇನ್ನೊಂದರಲ್ಲಿ ಅರ್ಧ ಉಳಿದಿತ್ತು. ಅಲ್ಲೇ ನೆಲದ ಮೇಲೆ ಸುರಿದು ಮಹಜರು ಬರೆದರು. ತುಕ್ಕು ಹಿಡಿದ ಡಬ್ಬಗಳ ಮಧ್ಯೆ ಕೂತು ನಮ್ಮ ಊರಿನವರ ರೇಷನ್ ಕಾರ್ಡುಗಳನ್ನು ಒಂದೊಂದಾಗಿ ಬಿಡಿಸಿ ಇಟ್ಟೆ. ಕಾರ್ಡಿನ ಫೋಟೊಗಳಲ್ಲಿ ಮನೆಮಂದಿಯೆಲ್ಲ ಸಾಲಾಗಿ ನಿಂತಿದ್ದರು. ಒಬ್ಬಾಕೆ ಫೋಟೊಗೆ ಅಂತ ಮಗುವಿಗೆ ಕಾಡಿಗೆ ಬೊಟ್ಟು ಇಟ್ಟಿದ್ದರು, ಜೆರಾಕ್ಸಿನಲ್ಲೂ ಕಾಣುತ್ತಿತ್ತು. ಪಟ್ಟಿ ಹಿಡಿದು ನಂಬರು ನೋಡಿ, ಪ್ರತಿ ಸಿಕ್ಕಿದವರ ಹೆಸರಿಗೆ ಗೀಟು ಹಾಕುತ್ತ ಹೋದರೆ ಗೀಟು ಬೀಳದ ಹೆಸರು ಬಹಳ ಉಳಿದವು. ಅದರಲ್ಲಿ ಎಷ್ಟು ಕಡಲೆಕಾಯಿಗೆ ಹೋದವು, ಎಷ್ಟು ಸಿಮ್‌ಗೆ ಹೋದವು, ಹೇಳುವವರಿಲ್ಲ.

ಸಿಮ್ ಅಂಗಡಿಗೆ ನಾವು ಹೋದಾಗ ಶಟರ್ ಎಳೆದಿತ್ತು. ಮೂರನೇ ದಿನ ಅವನನ್ನು ಕರೆಸಿದರು ಅಂತ ಆಮೇಲೆ ಗೊತ್ತಾಯಿತು. ಕಾಗದಪತ್ರ ಇಲ್ಲದೆ ಬಂದ ಗಿರಾಕಿಗಳಿಗೆ ಈ ಪ್ರತಿಗಳನ್ನು ಲಗತ್ತಿಸಿ ಸಿಮ್ ಕೊಡುತ್ತಿದ್ದೆ ಅಂತ ಒಪ್ಪಿಕೊಂಡನಂತೆ. ಆ ಒಂದು ನಂಬರನ್ನು ಯಾರಿಗೆ ಕೊಟ್ಟೆ ಅಂದರೆ ನೆನಪಿಲ್ಲ ಅಂದನಂತೆ. ಫೋನು ಮಾಡುತ್ತಿದ್ದವನು ಸಿಕ್ಕನೋ ಇಲ್ಲವೋ ನನಗೆ ಕೊನೆಗೂ ತಿಳಿಯಲಿಲ್ಲ. ಮೈಸೂರಿನ ಆ ಹೆಣ್ಣುಮಗಳನ್ನು ನಾನು ನೋಡಲೂ ಇಲ್ಲ. ಆಕೆಯ ಪಾಲಿಗೆ ಈ ಕಥೆ ಎಲ್ಲಿ ನಿಂತಿತು ಅಂತ ಈಗಲೂ ಕೆಲವು ಸಲ ಯೋಚನೆ ಬರುತ್ತದೆ.

ಪೊಲೀಸರ ಕೆಲಸ ಅವರು ನೋಡಿಕೊಂಡರು, ನನ್ನದು ಬೇರೆ ಉಳಿದಿತ್ತು. ಗೀಟು ಬೀಳದ ಹೆಸರಿನ ಮನೆಗಳಿಗೆ ಹೋಗಿ ಹೇಳಬೇಕು. ಅಧ್ಯಕ್ಷರಿಗೆ ಅದು ಸ್ವಲ್ಪವೂ ಇಷ್ಟವಿರಲಿಲ್ಲ. ಯಾರಾದರೂ ಬಂದು ಕೇಳಿದರೆ ಹೇಳಿ, ನೀವಾಗಿ ಬಾಗಿಲು ತಟ್ಟಿ ಯಾಕೆ ಹೇಳುತ್ತೀರಿ ಅಂದರು. ನಾಳೆ ಇನ್ನೊಬ್ಬರ ಮನೆ ಮುಂದೆ ಪೊಲೀಸರು ನಿಂತರೆ ನಾನೇನು ಮಾಡಲಿ ಅಂತ ಕೇಳಿದೆ. ಅವರು ಎದ್ದು ಹೋದರು. ಬೇಡ ಅಂತ ಮಾತ್ರ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡೆ.

ಒಬ್ಬೊಬ್ಬರ ಹೆಸರಿಗೂ ಒಂದು ಪತ್ರ ತಯಾರು ಮಾಡಿದೆವು. ನಿಮ್ಮ ಪಡಿತರ ಚೀಟಿಯ ನಕಲು ನಮ್ಮ ಕಚೇರಿಯಿಂದ ಕಳೆದುಹೋಗಿದೆ, ನಿಮ್ಮ ಹೆಸರಿನಲ್ಲಿ ನೀವು ಪಡೆಯದ ಫೋನು ಅಥವಾ ಬೇರೇನಾದರೂ ಕಂಡುಬಂದರೆ ಈ ಪತ್ರ ತೋರಿಸಿ, ಕಚೇರಿಯನ್ನು ಕೇಳಲಿ ಅಂತ. ಪತ್ರಕ್ಕೂ ನಂಬರು, ಪತ್ರಕ್ಕೂ ನನ್ನ ಸಹಿ. ನಾಲ್ಕು ಹಳ್ಳಿ ಸುತ್ತಲು ಒಂಬತ್ತು ದಿನ ಹಿಡಿಯಿತು. ಮಧ್ಯಾಹ್ನ ಹೋದರೆ ಮನೆಯಲ್ಲಿ ಯಾರೂ ಇರುವುದಿಲ್ಲ, ಗದ್ದೆಯ ಬದುವಿಗೆ ಹೋಗಿ ಹೇಳಬೇಕು. ಚಪ್ಪಲಿಯ ಉಂಗುಷ್ಠ ಎರಡು ಸಲ ಕಿತ್ತುಹೋಯಿತು. ಕೆಲವರು ಬೈದರು. ನೀರು ಕೊಡುತ್ತೇವೆ ಅಂತ ಕಾಗದ ಇಸಕೊಂಡು ಮಾರಿಕೊಂಡಿರಾ ಅಂತ ಒಬ್ಬರು ಮುಖಕ್ಕೆ ಕೇಳಿದರು. ಬಹಳ ಜನಕ್ಕೆ ನಾನು ಏನು ಹೇಳುತ್ತಿದ್ದೇನೆ ಅನ್ನುವುದೇ ಅರ್ಥವಾಗಲಿಲ್ಲ. ಜೆರಾಕ್ಸ್ ತಾನೆ, ಕಾರ್ಡು ಮನೆಯಲ್ಲಿ ಭದ್ರವಾಗಿದೆ ಬಿಡಿ ಅಂದರು. ಒಬ್ಬ ಅಜ್ಜಿ ಮಾತ್ರ ಪೂರ್ತಿ ಕೇಳಿ, "ನನ್ನೆಸ್ರಲ್ಲಿ ಪೋನ್ ಇದ್ರೆ ನಂಗೂ ಒಂದ್ ದಪ ಮಾತಾಡಕ್ಕೆ ಕೊಡಕ್ಕೇಳು, ತಂಗಿ ತಾವ್ ಮಾತಾಡಿ ವರ್ಸಾಯ್ತು" ಅಂದರು. ಆ ಒಂಬತ್ತು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಗಾರೆ ಕೆಲಸದವರ ಮೇಲೆ ಸಂಶಯವಿಲ್ಲ ಅಂತ ಠಾಣೆಯಿಂದ ಪತ್ರ ಬರುವ ಹೊತ್ತಿಗೆ ತಿಂಗಳಾಯಿತು. ನಾನೇ ಎರಡು ಸಲ ಹೋಗಿ ಕೇಳಿ ಬರೆಸಿಕೊಂಡು ಬಂದೆ. ಬೆಳಿಗ್ಗೆ ಬಸ್ಸಿಳಿದವಳು ನೇರ ಕೆಳಗಿನ ಬೀದಿಗೆ ಹೋದೆ. ಅವರು ಜಗಲಿಯ ಮೇಲೆ ಕರಣೆ ಒರೆಸುತ್ತ ಕೂತಿದ್ದರು. ದಿನಾ ಸಹಿ ಮಾಡಬೇಕಾದ್ದರಿಂದ ಮೈಸೂರಿನ ಕೆಲಸಕ್ಕೆ ಹೋಗಲು ಆಗಿರಲಿಲ್ಲ. ಪತ್ರ ಬಂದಿದೆ, ಓದುತ್ತೇನೆ ಅಂದೆ. ಅವರು ಕೈ ಚಾಚಲಿಲ್ಲ.

"ನಂಗ್ಯಾಕೆ ಓದೀರಿ ಮೇಡಂ? ನಾ ಮಾಡಿಲ್ಲ ಅಂತ ನಂಗೊತ್ತು. ಅಗೋ, ಅಲ್ಲಿ ನಿಂತವ್ರಲ್ಲ, ಅವ್ರ್ಗೆ ಓದಿ."

ಬೀದಿಯ ಕೊನೆಯ ಸಾರ್ವಜನಿಕ ನಲ್ಲಿಯ ಹತ್ತಿರ ಹದಿನೈದು ಇಪ್ಪತ್ತು ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಅವರ ಹೆಂಡತಿಯೂ ಅಲ್ಲೇ ಇದ್ದರು, ಸಾಲಿನ ನಡುವೆ, ಯಾರ ಜೊತೆಗೂ ಮಾತಾಡದೆ.

ಅಲ್ಲಿಗೆ ಹೋದೆ. ಅಲ್ಲೇ ನೀರು ಬಿಡುತ್ತಿದ್ದ ನೀರಗಂಟಿಗೆ ಹೇಳಿ ನಲ್ಲಿ ನಿಲ್ಲಿಸಿದೆ, ನೀರಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಠಾಣೆಯ ಕನ್ನಡ ಜನರಿಗೆ ತಿಳಿಯುವಂಥದ್ದಲ್ಲ, ಆದರೂ ಇದ್ದದ್ದನ್ನು ಇದ್ದ ಹಾಗೆ ಓದಿದೆ, ನಿಧಾನವಾಗಿ. ಸದರಿಯವರು ಸಿಮ್ ಪಡೆದಿರುವುದಿಲ್ಲ, ಸದರಿಯವರು ಯಾವುದೇ ಕರೆ ಮಾಡಿರುವುದಿಲ್ಲ. ಅದಾದ ಮೇಲೆ ಇನ್ನೊಂದು ಸಾಲಿತ್ತು: ಪಂಚಾಯ್ತಿ ಕಾರ್ಯದರ್ಶಿಯವರ ಅಜಾಗರೂಕತೆಯಿಂದ ಸದರಿ ದಾಖಲೆಯು ಅನ್ಯರ ವಶಕ್ಕೆ ಹೋಗಿರುತ್ತದೆ. ಅಲ್ಲಿ ನನ್ನ ದನಿ ಸಣ್ಣದಾಯಿತು. ಹಿಂದೆ ನಿಂತಿದ್ದ ಒಬ್ಬರು ಕೇಳಿಸಲಿಲ್ಲ ಅಂದರು. ಮತ್ತೊಮ್ಮೆ ಓದಿದೆ. ಅದರ ಅರ್ಥ ಏನು ಅಂತ ಕೇಳಿದರು. "ಇವರ ಕಾಗದ ಹೋಗಿದ್ದು ನನ್ನಿಂದ. ಇವರು ಏನೂ ಮಾಡಿಲ್ಲ" ಅಂದೆ.

ಅವರ ಹೆಂಡತಿ ಕೊಡವನ್ನು ಸಾಲಿನಲ್ಲೇ ಬಿಟ್ಟು ಮನೆಯ ಕಡೆ ನಡೆದರು. ಜಗಲಿಯ ಹತ್ತಿರ ಗಂಡನ ಮುಂದೆ ಒಂದು ಗಳಿಗೆ ನಿಂತರು. ಅವರು ತಲೆಯೆತ್ತಲಿಲ್ಲ, ಕರಣೆ ಒರೆಸುತ್ತಲೇ ಇದ್ದರು. ಆಕೆ ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ. ಅಷ್ಟು ಮಾತ್ರ ನಾನು ನೋಡಿದ್ದು. ನೀರಗಂಟಿ ನಲ್ಲಿ ತಿರುಗಿಸಿದರು, ಹೆಂಗಸರು ಕೊಡ ಮುಂದೆ ಸರಿಸಿದರು.

ನನಗೆ ನೋಟೀಸು ಬಂತು, ಉತ್ತರ ಕೊಟ್ಟೆ, ಸೇವಾ ಪುಸ್ತಕದಲ್ಲಿ ಎಚ್ಚರಿಕೆ ಅಂತ ಬರೆದರು. ಮೇಲಧಿಕಾರಿ ಹೇಳಿದ್ದೆಲ್ಲ ಒಂದೂ ತಪ್ಪದೆ ನಡೆಯಿತು. ಆ ಮಧ್ಯೆ ನಾನು ಕಚೇರಿಯಲ್ಲಿ ಒಂದು ಹೊಸ ಕ್ರಮ ಮಾಡಿದೆ. ನಂಜನಗೂಡಿನಲ್ಲಿ ಒಂದು ರಬ್ಬರ್ ಸ್ಟಾಂಪು ಮಾಡಿಸಿ ತಂದೆ, 'ನಲ್ಲಿ ಸಂಪರ್ಕಕ್ಕೆ ಮಾತ್ರ' ಅಂತ. ಫೈಲಿನಲ್ಲಿದ್ದ ಪ್ರತಿ ಜೆರಾಕ್ಸಿನ ಮೇಲೂ, ಫೋಟೊದ ಮೇಲೆ ಹಾಯುವ ಹಾಗೆ, ಅಡ್ಡಲಾಗಿ ಒತ್ತಿದೆವು. ಗುಮಾಸ್ತರು, ನಾನು ಕೂತು ಎಲ್ಲ ಮುಗಿಸಿದೆವು. ಬೀರುವಿಗೆ ಬೀಗ ಹಾಕಿ ಕೀಲಿ ನನ್ನ ಹತ್ತಿರ ಇಟ್ಟುಕೊಂಡೆ. ಬೇಡವಾದ ಕಾಗದವನ್ನು ಹಿತ್ತಲಲ್ಲಿ ಸುಟ್ಟು, ಸುಟ್ಟದ್ದಕ್ಕೆ ಪುಸ್ತಕದಲ್ಲಿ ಬರೆದು ಇಬ್ಬರು ಸಹಿ ಮಾಡಬೇಕು ಅಂತ ಗೊತ್ತು ಮಾಡಿದೆ. ಇನ್ನು ಹೀಗಾಗುವುದಿಲ್ಲ ಅಂತ ಒಂದು ಸಮಾಧಾನವೂ ಬಂತು.

ಅದಾಗಿ ಎರಡು ವಾರಕ್ಕೆ ಗಾರೆ ಕೆಲಸದವರು ಕಚೇರಿಗೆ ಬಂದರು. ಮತ್ತೆ ಮೈಸೂರಿಗೆ ಹೊರಟವರು, ಕೈಯಲ್ಲಿ ಚೀಲವಿತ್ತು. ಕುರ್ಚಿ ತೋರಿಸಿದೆ, ಕೂರಲಿಲ್ಲ. ತಮ್ಮ ರೇಷನ್ ಕಾರ್ಡಿನ ಜೆರಾಕ್ಸು ಇನ್ನೊಂದು ಇಲ್ಲೇ ಇದೆಯಲ್ಲ, ಅದನ್ನು ವಾಪಸು ಕೊಡಿ ಅಂದರು.

ಒಮ್ಮೆ ಫೈಲಿಗೆ ಸೇರಿದ ದಾಖಲೆಯನ್ನು ಹಿಂದಿರುಗಿಸಲು ಬರುವುದಿಲ್ಲ ಅಂದೆ. ನಲ್ಲಿ ಬೇಡವಾ ಅಂತಲೂ ಕೇಳಿದೆ.

"ನಲ್ಲಿ ಇರ್ಲಿ. ನಲ್ಲಿ ಬೇಕು. ಕಾಗ್ದ ನಿಮ್ ತಾವ್ ಬ್ಯಾಡ."

ನಾನು ಬೀರು ತೆಗೆದು ಫೈಲು ತಂದು ತೋರಿಸಿದೆ. ಈಗ ಭದ್ರವಾಗಿದೆ, ನೋಡಿ, ಬೇರೆ ಯಾತಕ್ಕೂ ಉಪಯೋಗಿಸದ ಹಾಗೆ ಮೇಲೆ ಸೀಲು ಹಾಕಿದ್ದೇವೆ ಅಂದೆ. ಅವರು ಬಗ್ಗಿ ನೋಡಿದರು. ಫೋಟೊದಲ್ಲಿ ಅವರು, ಹೆಂಡತಿ, ಮಗಳು, ಮೂವರ ಮುಖದ ಮೇಲೂ ನೇರಳೆ ಬಣ್ಣದ ಅಕ್ಷರ ಹಾದುಹೋಗಿತ್ತು.

"ಮೊದ್ಲೂ ಇದ್ದದ್ದು ಸೀಲೇ ಅಲ್ವಾ ಮೇಡಂ" ಅಂದರು.

ಸಿಟ್ಟಿನಿಂದ ಹೇಳಲಿಲ್ಲ. ಆ ಕಾಗದ ನನಗೆ ಯಾಕೆ ಬೇಕು ಅಂತ ಮೊದಲ ಸಲ ಯೋಚಿಸಿದೆ. ಈ ಮನುಷ್ಯ ಈ ಮನೆಯವನೇ ಅಂತ ತಿಳಿಯಲು ಕಾರ್ಡನ್ನು ಒಮ್ಮೆ ಕಣ್ಣಿನಿಂದ ನೋಡಿದರೆ ಸಾಕಿತ್ತು. ನೋಡಿದ ಮೇಲೆ ಕಾರ್ಡಿನ ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡರೆ ಸಾಕಿತ್ತು. ಒಂದಲ್ಲ, ಎರಡೆರಡು ಪ್ರತಿ ಇಟ್ಟುಕೊಂಡದ್ದು ಎಲ್ಲರೂ ಇಟ್ಟುಕೊಳ್ಳುತ್ತಾರೆ ಅಂತ.

ಫೈಲಿನ ದಾರ ಬಿಚ್ಚಿದೆ. ನಲ್ಲಿ ಪುಸ್ತಕದಲ್ಲಿ ಅವರ ಹೆಸರಿನ ಎದುರು ಕಾರ್ಡಿನ ನಂಬರು ಬರೆದು, 'ಮೂಲ ನೋಡಿದೆ, ನಕಲು ಹಿಂದಿರುಗಿಸಿದೆ' ಅಂತ ಸೇರಿಸಿ ಸಹಿ ಮಾಡಿದೆ. ಅವರೂ ಸಹಿ ಮಾಡಿದರು, ಕನ್ನಡದಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ. ಆ ತಿಂಗಳು ಉಳಿದವರಿಗೂ ಡಂಗುರ ಸಾರಿಸಿ ಕರೆದು ಹಾಗೇ ಹಿಂದಿರುಗಿಸಿದ್ದು, ಆಡಿಟ್‌ನವರು ನಕಲು ಎಲ್ಲಿ ಅಂತ ಆಕ್ಷೇಪಣೆ ಹಾಕಿದ್ದು, ಅದಕ್ಕೆ ನಾನು ವರ್ಷಗಟ್ಟಲೆ ಒಂದೇ ಉತ್ತರ ಬರೆದದ್ದು ಎಲ್ಲ ಆಮೇಲಿನ ಮಾತು. ಅವತ್ತು ಗುಮಾಸ್ತರು ಗಾಬರಿಯಾಗಿ ನನ್ನನ್ನೇ ನೋಡುತ್ತಿದ್ದರು.

ಗಾರೆ ಕೆಲಸದವರು ಕಾಗದ ತೆಗೆದುಕೊಂಡು ಬಾಗಿಲವರೆಗೆ ಹೋದರು. ಅಲ್ಲಿ ಚೀಲವನ್ನು ಕೆಳಗಿಟ್ಟು, ಕಾಗದವನ್ನು ಎರಡಾಗಿ, ನಾಲ್ಕಾಗಿ, ಮುಖಗಳು ಕಾಣದಷ್ಟು ಚೂರುಚೂರಾಗಿ ಹರಿದರು. ಚೂರುಗಳನ್ನು ನಮ್ಮ ಅಂಗಳದಲ್ಲಿ ಹಾಕಲಿಲ್ಲ, ಬುಟ್ಟಿಗೂ ಹಾಕಲಿಲ್ಲ. ಎಲ್ಲವನ್ನೂ ಅಂಗಿಯ ಜೇಬಿಗೆ ಹಾಕಿಕೊಂಡು, ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು.